ಉಬ್ಬರ ಬರುವ ಬಾವಿ

ಖಡಕ್ ರೊಟ್ಟಿಯೂ ಬಾಗುತ್ತದೆ ಎಂದು ನನಗೆ ಗೊತ್ತಾದದ್ದು ಕಡಮತ್ ದ್ವೀಪದಲ್ಲಿ. ಬೀದರಿನ ನೌಬಾದದಿಂದ ಹೊರಡುವ ಹಿಂದಿನ ದಿನ ಅವ್ವ ಅರವತ್ತು ರೊಟ್ಟಿ ಬಡಿದು, ಒಲೆಯ ಪಕ್ಕಕ್ಕೆ ನಿಲ್ಲಿಸಿ ಒಣಗಿಸಿ, ಹಳೆ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ಕೊಟ್ಟಿದ್ದಳು. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದು ಡಬ್ಬಿ ಕೆಂಪು ಖಾರ. ‘ಎರಡ್ ತಿಂಗ್ಳ ಏನೂ ಆಗಂಗಿಲ್ಲ, ಒಯ್ಯಿ’ ಅಂದಳು. ಬೀದರಿನ ಹವೆಯಲ್ಲಿ ಆಕೆಯ ಮಾತು ಸುಳ್ಳಲ್ಲ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿ ಮೇಲಿನ ನಮ್ಮ ಕೆಂಪುಕಲ್ಲಿನ ಪ್ರಸ್ಥಭೂಮಿಯಲ್ಲಿ ಒಣಗಿದ್ದು ಒಣಗಿಯೇ ಇರುತ್ತದೆ. ಕಡಮತ್‌ನಲ್ಲಿ ಮೂರನೆಯ ದಿನ ರೊಟ್ಟಿ ಚಪ್ಪಲಿಯ ತೊಗಲಿನ ಹಾಗೆ ಬಾಗಿತು. ಎಂಟನೆಯ ದಿನಕ್ಕೆ ಬೂಷ್ಟು ಹಿಡಿದು, ಮನೆಯ ಕೋಳಿಗಳ ಪಾಲಾಯಿತು. ಕೋಳಿಗಳೂ ಮೊದಲು ಅನುಮಾನದಿಂದಲೇ ಕುಕ್ಕಿದವು.

ಇದು 2018ರ ಅಕ್ಟೋಬರಿನ ಮಾತು. ಡಿಗ್ರಿ ಮುಗಿಸಿ, ಎರಡು ವರ್ಷ ಸರ್ಕಾರಿ ನೌಕರಿಯ ಪರೀಕ್ಷೆಗಳನ್ನು ಬರೆದು ದಣಿದಿದ್ದೆ. ಲಕ್ಷದ್ವೀಪದ ಲಗೂನಿನಲ್ಲಿ, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ಕಡಲಿನಲ್ಲಿ, ಕಡಲಹುಲ್ಲಿನ ಲೆಕ್ಕ ತೆಗೆಯುವ ಒಂದು ಸಣ್ಣ ತಂಡಕ್ಕೆ ಆರು ತಿಂಗಳ ಸ್ವಯಂಸೇವಕರು ಬೇಕಾಗಿದ್ದರು. ಊಟ, ವಸತಿ, ಹಡಗಿನ ಖರ್ಚು ಅವರದು. ಸಂಬಳ ಇಲ್ಲ. ಅಪ್ಪನಿಗೆ ಈ ಕೊನೆಯ ಮಾತು ಅರ್ಥವೇ ಆಗಲಿಲ್ಲ. ‘ಪಗಾರ ಇಲ್ಲಂದ್ರ ಅದೆಂಥ ಕೆಲ್ಸಾ? ಸಮುದ್ರದಾಗ ಹುಲ್ಲ ಎಣಿಸ್ಲಿಕ್ಕ ಹೋಗ್ಲತಿ ಅಂದ್ರ ಮಂದಿ ಏನಂತಾರ?’ ಎಂದು ಕೇಳಿದರು. ಮಂದಿ ಏನೂ ಅನ್ನಲಿಲ್ಲ, ನಕ್ಕರು ಅಷ್ಟೆ.

ನನ್ನನ್ನು ತೆಗೆದುಕೊಳ್ಳಲು ಅವರಿಗಿದ್ದ ಕಾರಣವೂ ವಿಚಿತ್ರ. ಈಜು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ, ಬಾವಿಯಲ್ಲಿ ಕಲಿತದ್ದು ಅಂದೆ. ಮುಂಚೆ ಎಲ್ಲಾದರೂ ಸೇವೆ ಮಾಡಿದ್ದೀರಾ ಎಂದರು. 2016ರ ಬರದ ಕಥೆ ಹೇಳಿದೆ. ಆ ಬೇಸಿಗೆಯಲ್ಲಿ ಅನುರಾಗ್ ತಿವಾರಿ ಅವರು ಬೀದರಿನ ಜಿಲ್ಲಾಧಿಕಾರಿಯಾಗಿದ್ದಾಗ ಊರಿನ ಹಳೆ ಬಾವಿ, ಕೆರೆಗಳ ಹೂಳು ತೆಗೆಸುವ ಕೆಲಸ ಜೋರಾಗಿ ನಡೆದಿತ್ತು. ಹುಡುಗರ ಗುಂಪುಗಳು ಬುಟ್ಟಿ ಹಿಡಿದು ಇಳಿದಿದ್ದವು. ನಾನೂ ಇಳಿದಿದ್ದೆ. ಆ ವರ್ಷಗಳಲ್ಲೇ ನಮ್ಮ ನೌಬಾದದ ಕರೇಜಿನ ಹೂಳಿಗೂ ಕೈ ಹಚ್ಚಿದ್ದರು.

ಕರೇಜು ಗೊತ್ತಿಲ್ಲದವರಿಗಾಗಿ ಎರಡು ಮಾತು. ನಮ್ಮವರು ಸುರಂಗ ಬಾವಿ ಅನ್ನುತ್ತಾರೆ. 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರು ಕಲಬುರಗಿ ಬಿಟ್ಟು ಬೀದರಿಗೆ ರಾಜಧಾನಿ ತಂದ ಮೇಲೆ, ಇರಾನಿನ ವಿದ್ಯೆ ಬಲ್ಲವರು ತೋಡಿದ್ದು. ಎತ್ತರದಲ್ಲಿ ಒಂದು ತಾಯಿಬಾವಿ. ಅಲ್ಲಿಂದ ನೆಲದೊಳಗೆ ಸಣ್ಣ ಇಳಿಜಾರಿನ ಸುರಂಗ. ಗಾಳಿಗೂ ಬೆಳಕಿಗೂ ಮಣ್ಣು ಎತ್ತಲಿಕ್ಕೂ ಸಾಲಾಗಿ ಕಿಂಡಿಬಾವಿಗಳು. ಬೀದರಿನ ನೆಲ ಮೇಲೆ ಕೆಂಪು ಜಂಬಿಟ್ಟಿಗೆ, ಕೆಳಗೆ ಕರಿಕಲ್ಲು. ಮಳೆನೀರು ಸ್ಪಂಜಿನಂಥ ಜಂಬಿಟ್ಟಿಗೆಯಲ್ಲಿ ಇಳಿದಿಳಿದು ಕರಿಕಲ್ಲು ಮುಟ್ಟಿ ನಿಲ್ಲುತ್ತದೆ, ಪಕ್ಕಕ್ಕೆ ಹರಿಯುತ್ತದೆ. ನರಸಿಂಹ ಝರಣಿಯಲ್ಲಿ ನಾವು ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡುವುದು ಈ ನೀರಿನಲ್ಲೇ, ಗುರುನಾನಕ್ ಝೀರಾದಲ್ಲಿ ಚಿಮ್ಮುವುದೂ ಇದೇ. ಕರೇಜು ಕಟ್ಟಿದವರು ಆ ನೀರನ್ನು ಎಳೆಯಲಿಲ್ಲ, ಅದು ಬರುವಷ್ಟನ್ನು ಬರಗೊಟ್ಟರು. ಇಳಿಜಾರೇ ಮೋಟರು. ಇಷ್ಟನ್ನು ನಾನು ಆಗ ಬಾಯಿಪಾಠ ಮಾಡಿಕೊಂಡಿದ್ದೆ, ನೋಡಲು ಬಂದವರಿಗೆ ಒಪ್ಪಿಸುತ್ತಿದ್ದೆ. ಅರ್ಥವಾಗಿತ್ತು ಎಂದು ಈಗ ಹೇಳಲಾರೆ.

ಹೈದರಾಬಾದಿಗೆ ಬಸ್ಸು, ಅಲ್ಲಿಂದ ಶಬರಿ ಎಕ್ಸ್‌ಪ್ರೆಸ್ಸಿನಲ್ಲಿ ಎರ್ನಾಕುಲಂ, ಕೊಚ್ಚಿಯಿಂದ ಹಡಗು. ಲಕ್ಷದ್ವೀಪಕ್ಕೆ ಹೊರಗಿನವರು ಸುಮ್ಮನೆ ಹೋಗುವಂತಿಲ್ಲ, ಪರವಾನಗಿ ಬೇಕು. ಅದಕ್ಕೇ ಒಂದೂವರೆ ತಿಂಗಳು ಹಿಡಿಯಿತು. ಬಂಕಿನಲ್ಲಿ ಮಲಗಿ ಸುಮಾರು 400 ಕಿ.ಮೀ. ನೀರು ದಾಟುವಾಗ ಹೊಟ್ಟೆ ಮೂರು ಸಲ ಬಾಯಿಗೆ ಬಂತು. ಬೆಳಗ್ಗೆ ದ್ವೀಪ ಕಂಡಾಗ ನಿಜ ಹೇಳಬೇಕೆಂದರೆ ನನಗೆ ಮೊದಲು ಅನ್ನಿಸಿದ್ದು, ಇಷ್ಟೇನಾ ಎಂದು. ತೆಂಗಿನ ಒಂದು ಗೆರೆ, ಅದರ ಕೆಳಗೆ ಬಿಳಿ ಮರಳಿನ ಇನ್ನೊಂದು ಗೆರೆ. ದೊಡ್ಡ ಹಡಗು ದಡದ ತನಕ ಬರುವುದಿಲ್ಲ. ಕುಲುಕುವ ದೋಣಿಗೆ ಹಡಗಿನ ಬಾಗಿಲಿನಿಂದ ಹಾರಬೇಕು. ಅಲೆ ದೋಣಿಯನ್ನು ಮೇಲೆತ್ತಿದ ಕ್ಷಣದಲ್ಲಿ ಇಬ್ಬರು ನಿಮ್ಮ ರಟ್ಟೆ ಹಿಡಿದು ಎಳೆದುಕೊಳ್ಳುತ್ತಾರೆ. ಅಜ್ಜಿಯರೂ ಕೈಗೂಸುಗಳೂ ಹೀಗೇ ಇಳಿಯುತ್ತಾರೆ, ಬಸ್ಸಿನಿಂದ ಇಳಿದಷ್ಟು ಸಲೀಸಾಗಿ. ನಾನು ಒಂದು ಚಪ್ಪಲಿ ಕಡಲಿಗೆ ಕೊಟ್ಟು ಇಳಿದೆ.

ಕಡಮತ್ ಉದ್ದಕ್ಕೆ ಒಂಬತ್ತು ಕಿ.ಮೀ. ಚಿಲ್ಲರೆ. ಅತಿ ಅಗಲದ ಜಾಗದಲ್ಲೂ ಅರ್ಧ ಕಿ.ಮೀ.ಗೆ ಸ್ವಲ್ಪ ಮೇಲೆ. ಹಳೆಯ ಇಂಗ್ಲಿಷ್ ನಕಾಶೆಗಳಲ್ಲಿ ಇದರ ಹೆಸರು ಕಾರ್ಡಮಮ್, ಅಂದರೆ ಏಲಕ್ಕಿ. ನನಗೆ ಅಲ್ಲಿ ಏಲಕ್ಕಿ ಕಂಡದ್ದು ಬಿರಿಯಾನಿಯಲ್ಲಿ ಮಾತ್ರ. ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನ ಇರುವುದು ಹತ್ತರಲ್ಲಿ. ಎಲ್ಲವನ್ನೂ ಒಟ್ಟು ಸೇರಿಸಿದರೂ ನೆಲ 32 ಚದರ ಕಿ.ಮೀ. 2011ರ ಜನಗಣತಿಯಲ್ಲಿ ಇಡೀ ಲಕ್ಷದ್ವೀಪದ ಜನಸಂಖ್ಯೆ 64,473. ಬೀದರ್ ಪಟ್ಟಣದಲ್ಲೇ ಅದರ ಎರಡು ಪಟ್ಟಿಗಿಂತ ಹೆಚ್ಚು ಜನ ಇದ್ದೇವೆ.

ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಸಮುದ್ರದ ಸದ್ದಲ್ಲ. ಏನೋ ಒಂದು ಇಲ್ಲ ಅನ್ನಿಸುತ್ತಿತ್ತು. ಬೆಳಗಿನ ಜಾವಕ್ಕೆ ಹೊಳೆಯಿತು. ನಾಯಿ ಬೊಗಳುತ್ತಿಲ್ಲ! ಲಕ್ಷದ್ವೀಪದಲ್ಲಿ ನಾಯಿಗಳಿಲ್ಲ. ಬೆಕ್ಕುಗಳಿವೆ, ಆಡುಗಳಿವೆ, ಇಲಿಗಳಂತೂ ತೆಂಗಿನ ತಲೆಯಲ್ಲೇ ಸಂಸಾರ ಹೂಡಿ ಎಳೆಗಾಯಿ ಕೊರೆಯುತ್ತವೆ. ನೌಬಾದದ ನಾಕಾದಿಂದ ರಾತ್ರಿ ಮನೆಗೆ ಬರುವಾಗ ಕೈಯಲ್ಲಿ ಕಲ್ಲು ಹಿಡಿದೇ ಬೆಳೆದವನು ನಾನು. ಅಲ್ಲಿ ಆ ಭಯ ಹೋಗಿ ಇನ್ನೊಂದು ಬಂತು: ತೆಂಗಿನಕಾಯಿ. ಗಾಳಿ ಇದ್ದ ರಾತ್ರಿ ಧಡ್ ಧಡ್ ಎಂದು ಬೀಳುತ್ತಿರುತ್ತವೆ. ಆರು ತಿಂಗಳಲ್ಲಿ ನೆಲ ನೋಡಿ ನಡೆಯುವ ಚಟ ಬಿಟ್ಟು ಆಕಾಶ ನೋಡಿ ನಡೆಯುವುದು ರೂಢಿಯಾಯಿತು. ಬೀದರಿಗೆ ಮರಳಿದ ವಾರದಲ್ಲಿ ಎರಡು ಸಲ ಗುಂಡಿಗೆ ಕಾಲಿಟ್ಟೆ.

ಭಾಷೆ ತೊಡಕಾಗಬಹುದು ಎಂದು ಹೆದರಿದ್ದೆ. ಅವರಾಡುವುದು ಜಸರಿ, ಮಲಯಾಳದ ದ್ವೀಪದ ರೂಪ. ಶಾಲೆಯ ಹಿಂದಿ ಎಲ್ಲರಿಗೂ ಅಷ್ಟಿಷ್ಟು ಬರುತ್ತದೆ. ನನ್ನದು ಬೀದರಿನ ದಖನಿ ಮಿಶ್ರಿತ ಹಿಂದಿ. ‘ನಕ್ಕೋ’, ‘ಹೌ’ ಅಂದಾಗಲೆಲ್ಲ ಮನೆಯ ಮಕ್ಕಳು ಹೊಟ್ಟೆ ಹಿಡಿದು ನಗುತ್ತಿದ್ದವು. ಡಿಸೆಂಬರಿನ ಹೊತ್ತಿಗೆ ಆ ಓಣಿಯಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಬಿಸ್ಕೀಟು ಬೇಡವೆಂದರೆ ‘ನಕ್ಕೋ’ ಅನ್ನುತ್ತಿದ್ದಳು. ನನ್ನ ಸ್ವಯಂಸೇವೆಯಿಂದ ದ್ವೀಪಕ್ಕೆ ಖಚಿತವಾಗಿ ದಕ್ಕಿದ್ದು ಅದೊಂದೇ ಇರಬಹುದು.

ಊಟದ್ದು ದೊಡ್ಡ ಕಥೆ, ಸಣ್ಣದಾಗಿ ಹೇಳುತ್ತೇನೆ. ನಮ್ಮ ಮನೆಯಲ್ಲಿ ಮೀನು ಮಾಂಸ ಇಲ್ಲ. ಅಲ್ಲಿ ಮೀನಿಲ್ಲದ ಊಟವೇ ಇಲ್ಲ. ಟ್ಯೂನಾಕ್ಕೆ ಅವರು ಚೂರ ಅನ್ನುತ್ತಾರೆ. ಕೋಲು, ಗಾಳದಿಂದ ಒಂದೊಂದಾಗಿ ಎತ್ತಿ ಹಿಡಿಯುತ್ತಾರೆ. ಅದನ್ನು ಬೇಯಿಸಿ, ಹೊಗೆ ಕೊಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಬಿಸಿಲಿಗಿಟ್ಟರೆ ‘ಮಾಸ್’. ತರಕಾರಿ ಹಡಗಿನಲ್ಲಿ ಬರಬೇಕು. ಹಡಗು ತಡವಾದರೆ ಈರುಳ್ಳಿ, ಆಲೂಗಡ್ಡೆ, ಆಮೇಲೆ ಬರೀ ಆಲೂಗಡ್ಡೆ. ನಾನಿದ್ದ ಮನೆಯ ಉಮ್ಮ ನನಗಾಗಿ ತೆಂಗಿನಕಾಯಿಯಲ್ಲೇ ನಾನಾ ಅವತಾರ ಮಾಡಿದಳು. ತೆಂಗಿನ ಮರದಿಂದ ಇಳಿಸಿದ ಮೀರಾ ಎಂಬ ಸಿಹಿ ನೀರಾ, ಅದನ್ನು ಕುದಿಸಿ ಮಾಡಿದ ಬೆಲ್ಲ, ಅದನ್ನೇ ಹುಳಿಬರಿಸಿದ ಸುರ್ಕ. ಆ ಬೆಲ್ಲಕ್ಕೆ ನನ್ನ ಶೇಂಗಾ ಹಿಂಡಿ ಕಲಸಿ ಅನ್ನಕ್ಕೆ ಹಚ್ಚಿಕೊಂಡು ತಿಂದಿದ್ದೇನೆ. ಯಾರಿಗೂ ಶಿಫಾರಸು ಮಾಡಲಾರೆ.

ಆ ಮನೆಯ ವ್ಯವಸ್ಥೆ ಅರ್ಥವಾಗಲು ಎರಡು ವಾರ ಬೇಕಾಯಿತು. ರಾತ್ರಿ ಊಟದ ಹೊತ್ತಿಗೆ ಒಬ್ಬರು ಬರುತ್ತಿದ್ದರು, ಬೆಳಗಾಗುವಾಗ ಹೋಗಿಬಿಡುತ್ತಿದ್ದರು. ನನ್ನ ಹಾಗೆ ಅವರೂ ಅತಿಥಿ ಅಂದುಕೊಂಡು, ‘ನೀವು ಎಷ್ಟು ದಿನ ಇರುತ್ತೀರಿ?’ ಎಂದು ವಿನಯದಿಂದ ಕೇಳಿಯೂ ಬಿಟ್ಟೆ. ಅವರು ಉಮ್ಮನ ಗಂಡ. ಅಲ್ಲಿಯವರು ಮುಸಲ್ಮಾನರು, ಆದರೆ ತಾಯಿಯ ಕಡೆಯಿಂದ ಆಸ್ತಿ ಇಳಿಯುವ ತರವಾಡಿನ ಪದ್ಧತಿ ಉಳಿಸಿಕೊಂಡವರು. ಮನೆ ಹೆಣ್ಣಿನದು. ಹಳೆಯ ರೂಢಿಯಲ್ಲಿ ಗಂಡ ರಾತ್ರಿ ಹೆಂಡತಿಯ ಮನೆಗೆ ಬಂದು, ಹಗಲು ತನ್ನ ತಾಯಿಯ ಮನೆಯಲ್ಲಿ ದುಡಿಯುತ್ತಾನೆ. ಈಗ ಇದು ಕಡಿಮೆಯಾಗುತ್ತಿದೆ, ಈ ಮನೆಯಲ್ಲಿ ಇನ್ನೂ ಇತ್ತು. ನನ್ನ ಪ್ರಶ್ನೆಗೆ ಅವರು ಕೊಟ್ಟ ಉತ್ತರ: ‘ನಲವತ್ತು ವರ್ಷ ಆಯ್ತು, ಇನ್ನೂ ಗೊತ್ತಾಗಿಲ್ಲ.’

ಇಲ್ಲಿಯ ತನಕ ಹೇಳಿದ್ದು ಪ್ರವಾಸಕ್ಕೆ ಹೋದವರಿಗೂ ಗೊತ್ತಾಗುವ ಸಂಗತಿ. ನಾನು ಹೇಳಬೇಕೆಂದು ಕೂತದ್ದು ಬಾವಿಯ ಬಗ್ಗೆ.

ಹಿತ್ತಿಲಲ್ಲಿ ಒಂದು ಬಾವಿ. ಬಾವಿ ಅನ್ನಲಿಕ್ಕೂ ನಾಚಿಕೆಯಾಗುವಷ್ಟು ಆಳವಿಲ್ಲದ್ದು. ಕಟ್ಟೆಗೆ ಹೊಟ್ಟೆ ಒತ್ತಿ ಬಾಗಿದರೆ ನೀರು ಇಲ್ಲೇ ಇದೆ. ನಮ್ಮಲ್ಲಿ ಬೋರು ನೂರಾರು ಅಡಿ ಇಳಿದು ಧೂಳು ಉಗುಳುವುದನ್ನು ನೋಡಿದ ಕಣ್ಣಿಗೆ ಇದು ಪವಾಡ. ಸುತ್ತ ಉಪ್ಪು ನೀರು, ನಡುವೆ ಹವಳದ ಮರಳು, ಅದರಲ್ಲಿ ಸಿಹಿನೀರು! ಬಾವಿಗೆ ಸಣ್ಣ ಪಂಪು ಕೂಡಿಸಿದ್ದರು. ಉಮ್ಮ ದಿನಕ್ಕೆ ಎರಡು ಸಲ ಸ್ವಲ್ಪ ಹೊತ್ತು ಹಾಕಿ ಆರಿಸುತ್ತಿದ್ದಳು. ಉಳಿದದ್ದು ಬಕೆಟ್ಟಿನಲ್ಲಿ.

ನಾನು ಬೀದರಿನವನು. ಕರೆಂಟ್ ಇದ್ದಾಗ ಮೋಟರ್ ಹಾಕು, ಟಾಕಿ ತುಂಬಿ ಚೆಲ್ಲುವ ತನಕ ಆರಿಸಬೇಡ, ನಾಳೆ ಯಾರು ಕಂಡಾರು ಎಂಬುದು ನಮ್ಮ ನೀರಾವರಿ ಶಾಸ್ತ್ರ. ನವೆಂಬರಿನ ಒಂದು ಮಧ್ಯಾಹ್ನ ಉಮ್ಮ ಮದುವೆಮನೆಗೆ ಹೋಗಿದ್ದಳು. ಆಕೆಗೆ ಉಪಕಾರ ಮಾಡೋಣ ಎಂದು ಪಂಪು ಹಾಕಿ, ಟಾಕಿ ತುಂಬಿಸಿ, ಡ್ರಮ್ಮು ತುಂಬಿಸಿ, ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ತುಂಬಿಸಿ, ಬಾಳೆಗಿಡಕ್ಕೂ ಬಿಟ್ಟೆ. ಎರಡು ತಾಸು. ಸಂಜೆ ಆಕೆ ಬಂದು ಚಹಾಕ್ಕೆ ನೀರಿಟ್ಟಳು, ಒಂದು ಗುಟುಕು ಕುಡಿದಳು, ಲೋಟ ಕೆಳಗಿಟ್ಟಳು. ನಾನೂ ಕುಡಿದು ನೋಡಿದೆ. ಚಹಾ ಉಪ್ಪಾಗಿತ್ತು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದ ಮನೆಯ ಬಾವಿಯಿಂದ ಎರಡು ಕೊಡ ತಂದಳು. ಮರುದಿನವೂ ತಂದಳು. ಸುಮಾರು ಒಂದು ವಾರ ಹಾಗೇ ನಡೆಯಿತು. ಓಣಿಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಮಸೀದಿಯ ಕೊಳದ ಹತ್ತಿರ ಕೂತ ಮುದುಕರೊಬ್ಬರು ನನ್ನನ್ನು ಕರೆದು, ‘ಮೋನೇ, ನಿಮ್ಮ ಊರಲ್ಲಿ ಬಾವಿ ಅಂದರೆ ಏನು?’ ಎಂದು ಕೇಳಿದರು. ಮೋನೇ ಅಂದರೆ ಮಗನೇ. ಬಾವಿಯ ವಿಷಯದಲ್ಲಿ ದೊಡ್ಡ ತಿಳಿವಳಿಕೆ ಇದೆ ಅಂದುಕೊಂಡು ಬಂದವನಿಗೆ ಹೇಳಲು ಏನೂ ಹೊಳೆಯಲಿಲ್ಲ.

ಆಮೇಲೆ ತಂಡದವರು ವಿವರಿಸಿದರು. ದ್ವೀಪದ ಕೆಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಬಿದ್ದ ಮಳೆ ಮರಳಿನಲ್ಲಿ ಇಳಿಯುತ್ತದೆ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ಕೂರುತ್ತದೆ. ನಡುವೆ ದಪ್ಪ, ಅಂಚಿಗೆ ತೆಳು. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಲೆನ್ಸಿಗೆ ಮಸೂರ ಅನ್ನುತ್ತಾರಲ್ಲ, ನಮ್ಮ ಅಡುಗೆಮನೆಯ ಮಸೂರ ಬೇಳೆಯ ಆಕಾರ, ಅದೇ ಇಲ್ಲಿ ದ್ವೀಪದ ಹೊಟ್ಟೆಯಲ್ಲಿದೆ. ಇದರ ಲೆಕ್ಕವನ್ನು ಗೈಬೆನ್ ಎಂಬ ಡಚ್ಚನೂ ಹೆರ್ಜ್‌ಬರ್ಗ್ ಎಂಬ ಜರ್ಮನನೂ ನೂರು ವರ್ಷಕ್ಕೂ ಹಿಂದೆ ಬೇರೆ ಬೇರೆಯಾಗಿ ಕಂಡುಕೊಂಡರು. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇದ್ದೀತು. ಕೇಳಲು ಹಿತವಾಗಿದೆ, ತಿರುಗಿಸಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಮೇಲೆ ಒಂದು ಅಡಿ ಎಳೆದರೆ ಕೆಳಗಿನಿಂದ ಉಪ್ಪು 40 ಅಡಿ ಏರಿ ಬರಲು ಹವಣಿಸುತ್ತದೆ. ಮರಳಿನ ದ್ವೀಪದಲ್ಲಿ ಲೆಕ್ಕ ಇಷ್ಟು ಚೊಕ್ಕವಾಗಿ ನಡೆಯುವುದಿಲ್ಲ, ದಿಕ್ಕು ಮಾತ್ರ ಇದೇ. ನಾನು ಎರಡು ತಾಸು ಪಂಪು ಹಾಕಿ ಸಮುದ್ರವನ್ನೇ ಕೆಳಗಿನಿಂದ ಕರೆದಿದ್ದೆ.

ಮಾಡಿದ ತಪ್ಪಿಗೆ ದಂಡವೆಂಬಂತೆ ಬಾವಿಯ ಒಳಗೋಡೆಗೆ ಸೀಮೆಸುಣ್ಣದಲ್ಲಿ ಗೆರೆಗಳನ್ನು ಎಳೆದು ದಿನವೂ ನೋಡತೊಡಗಿದೆ. ನೀರು ಏರುತ್ತಿತ್ತು, ಇಳಿಯುತ್ತಿತ್ತು. ಯಾರೂ ಸೇದದಿದ್ದರೂ ಇಳಿಯುತ್ತಿತ್ತು, ಮಳೆ ಬರದಿದ್ದರೂ ಏರುತ್ತಿತ್ತು. ಲಗೂನಿನಲ್ಲಿ ಉಬ್ಬರ ಬಂದಾಗ, ತುಸು ತಡವಾಗಿ, ಹಿತ್ತಿಲ ಬಾವಿಗೂ ಬರುತ್ತಿತ್ತು. ಉಮ್ಮನಿಗೆ ಇದು ಹುಟ್ಟಿದಾಗಿನಿಂದ ಗೊತ್ತು. ಆಕೆ ಪಂಪು ಹಾಕುವ ಹೊತ್ತು ದಿನದಿನವೂ ಬದಲಾಗುತ್ತಿದ್ದುದನ್ನು ನಾನು ಮರೆವು ಅಂದುಕೊಂಡಿದ್ದೆ.

ಕೆಲಸದ ವಿಷಯಕ್ಕೆ ಬರುತ್ತೇನೆ, ಅದಕ್ಕೇ ತಾನೆ ಹೋಗಿದ್ದು. ಇಳಿತದ ಹೊತ್ತಿಗೆ ಲಗೂನಿನಲ್ಲಿ ಸೊಂಟಮಟ್ಟ ನೀರಿನಲ್ಲಿ ನಡೆದು, ಪ್ಲಾಸ್ಟಿಕ್ ಕೊಳವೆಯ ಚೌಕಟ್ಟನ್ನು ತಳಕ್ಕೆ ಇಟ್ಟು, ಅದರೊಳಗಿನ ಕಡಲಹುಲ್ಲಿನ ಕುಡಿಗಳನ್ನು ಎಣಿಸಿ, ಎಲೆಯ ಉದ್ದ ಅಳೆದು ಬರೆಯಬೇಕು. ನನ್ನ ನೋಟ್‌ಬುಕ್ಕಿನ ಬಹಳ ಪುಟಗಳಲ್ಲಿ ಸೊನ್ನೆಗಳೇ ಇವೆ. ಹಸಿರು ಕಡಲಾಮೆಗಳು ಮೇದು ಮುಗಿಸಿದ್ದವು. ಮೊದಲು ಅಗತ್ತಿಯ ಲಗೂನಿನಲ್ಲಿ ಕೂಡಿದ್ದವು, ಅಲ್ಲಿ ಹುಲ್ಲು ತೀರಿದ ಮೇಲೆ ಕಡಮತ್‌ನಲ್ಲಿ ಹೆಚ್ಚಿದವು. ಹುಲ್ಲು ಹೋದರೆ ಅದರಲ್ಲಿ ಅಡಗಿ ಬೆಳೆಯುವ ಮೀನೂ ಹೋಗುತ್ತದೆ. ಮೀನುಗಾರರಿಗೆ ಆಮೆಯ ಮೇಲೆ ಸಿಟ್ಟು. ಆಮೆಯೋ, ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಮುಟ್ಟುವಂತಿಲ್ಲ. ದೋಣಿಯವನೊಬ್ಬ ತನ್ನ ದೂರು ಹೇಳುತ್ತಿದ್ದಾಗ ನಾನು ನಗುತ್ತಿರುವುದು ಕಂಡು ಕೋಪಿಸಿಕೊಂಡ. ಆಗ ನಮ್ಮ ಚಿಗರಿಯ ಕಥೆ ಹೇಳಿದೆ. ಔರಾದ, ಭಾಲ್ಕಿ ಕಡೆ ಕೃಷ್ಣಮೃಗದ ಹಿಂಡು ಕಡಲೆ ಹೊಲಕ್ಕೆ ಇಳಿದಾಗ ನಮ್ಮ ರೈತರು ಆಡುವ ಮಾತು ಅಕ್ಷರ ಅಕ್ಷರ ಇದೇ. ಚಿಗರಿಯ ಚಿತ್ರ ಮೊಬೈಲಿನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿ, ‘ನಿಮ್ಮ ಆಮೆ ಚಂದ ಇದೆ’ ಅಂದ.

ಮಸೀದಿಯ ಕೊಳದ ಬಳಿಯ ಆ ಮುದುಕರು ನನಗೆ ಇನ್ನೊಂದು ಪಾಠವನ್ನೂ ಮಾಡಿದರು. ಕರ್ನಾಟಕದವನು ಅಂದಾಗ ಅವರ ಕಿವಿ ನಿಮಿರಿತ್ತು. ‘ಮಂಗಲಾಪುರಂ!’ ಅಂದರು. ಮಂಗಳೂರು. ಬೀದರಿನಿಂದ ಮಂಗಳೂರು ಎಷ್ಟು ದೂರ ಎಂದು ಹೇಳುವ ಗೊಡವೆಗೆ ನಾನು ಹೋಗಲಿಲ್ಲ. ಅವರ ಅಪ್ಪ ಓಡಂ ಎಂಬ ಹಾಯಿಹಡಗಿನಲ್ಲಿ ತೆಂಗಿನ ನಾರಿನ ಹಗ್ಗ ಹೇರಿಕೊಂಡು ಮಂಗಳೂರಿಗೆ ಹೋಗಿ ಅಕ್ಕಿ ತರುತ್ತಿದ್ದರಂತೆ. ಇದು ಬರೀ ವ್ಯಾಪಾರವಲ್ಲ. ಕಡಮತ್, ಅಮಿನಿ, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದು ಅಮಿನದಿವಿ ದ್ವೀಪಗಳು 1780ರ ದಶಕದಲ್ಲಿ ಕಣ್ಣೂರಿನ ಅರಕ್ಕಲ್ ಬೀಬಿಯ ಕೈಯಿಂದ ಟಿಪ್ಪು ಸುಲ್ತಾನನಿಗೆ ಬಂದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರು ಅವನ್ನು ಮಂಗಳೂರಿನ ಕಲೆಕ್ಟರರಿಗೆ ಒಪ್ಪಿಸಿದರು. ಅಮಿನಿಯಲ್ಲಿ ಮೊನೆಗಾರ ಎಂಬ ಅಧಿಕಾರಿಯೊಬ್ಬ ಕೂತು ಆಡಳಿತ ನೋಡುತ್ತಿದ್ದ. ನಾರು ಸರ್ಕಾರದ ಸೊತ್ತು, ಅದಕ್ಕೆ ಬದಲಾಗಿ ಅಕ್ಕಿ. ಒಂದೂವರೆ ಶತಮಾನ ಈ ಮರಳಿನ ಗೆರೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು.

‘ಮತ್ತೆ ಯಾವಾಗ ಬಿಟ್ಟಿತು?’ ಎಂದೆ. 1956ರ ನವೆಂಬರ್ 1.

ನಾನು ಸುಮ್ಮನಾದೆ. ಅದು ನಾವು ಕರ್ನಾಟಕಕ್ಕೆ ಬಂದ ದಿನ. ಹೈದರಾಬಾದ್ ರಾಜ್ಯ ಒಡೆದು, ಬೀದರ್ ಜಿಲ್ಲೆಯನ್ನೇ ಮೂರು ಪಾಲು ಮಾಡಿ, ಉದಗೀರ, ನಿಲಂಗಾ, ಅಹಮದಪುರ ಮರಾಠಿಯ ಕಡೆಗೂ, ಜಹೀರಾಬಾದ್, ನಾರಾಯಣಖೇಡ ತೆಲುಗಿನ ಕಡೆಗೂ ಹೋಗಿ, ಉಳಿದ ನಾವು ಮೈಸೂರು ರಾಜ್ಯಕ್ಕೆ ಸೇರಿದ ದಿನ. ಅದೇ ದಿನ ದಕ್ಷಿಣ ಕನ್ನಡವೂ ಮದ್ರಾಸನ್ನು ಬಿಟ್ಟು ಮೈಸೂರಿಗೆ ಬಂತು, ಬರುವಾಗ ಕಾಸರಗೋಡು ಕೇರಳಕ್ಕೆ ಹೋಯಿತು, ಈ ಐದು ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ಕಾಸರಗೋಡಿನ ನೋವಿನ ಬಗ್ಗೆ ಶಾಲೆಯಿಂದಲೂ ಕೇಳಿದ್ದೇನೆ. ಅಮಿನದಿವಿಯ ಹೆಸರನ್ನು ಯಾವ ರಾಜ್ಯೋತ್ಸವದ ಭಾಷಣದಲ್ಲೂ ಕೇಳಿರಲಿಲ್ಲ. ಅಲ್ಲಿ ಕನ್ನಡಿಗರು ಇರಲಿಲ್ಲ, ಆದ್ದರಿಂದ ಕಳೆದುಕೊಂಡದ್ದೂ ಏನಿಲ್ಲ ಎನ್ನಬಹುದು. ಹೋದ ಮಾತೇ ನಮಗೆ ಗೊತ್ತಿಲ್ಲವಲ್ಲ ಎಂಬುದು ಮಾತ್ರ ನನ್ನನ್ನು ಚುಚ್ಚುತ್ತದೆ. ಮುದುಕರಿಗೆ ಚುಚ್ಚುವುದು ಬೇರೆ: ಮಂಗಳೂರಿನ ಅಕ್ಕಿ ಚೆನ್ನಾಗಿತ್ತು ಎಂದು ಅವರ ಅಪ್ಪ ಕೊನೆಯ ತನಕ ಹೇಳುತ್ತಿದ್ದರಂತೆ. ದ್ವೀಪಕ್ಕೆ ಬೇಕಾದ ಜಲ್ಲಿ, ಸಿಮೆಂಟು, ತರಕಾರಿ ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕುದೋಣಿಗಳಲ್ಲಿ ಹೋಗುತ್ತವೆ.

ಊರಿಗೆ ಮರಳುವಾಗ ಉಮ್ಮನಿಗೆ ನಮ್ಮ ಬೀದರಿನ ಒಂದು ಸಣ್ಣ ಬಿದ್ರಿ ಡಬ್ಬಿ ಕೊಟ್ಟೆ. ಹೋಗುವಾಗ ಒಯ್ದದ್ದು, ಕೊಡಲು ನಾಚಿಕೊಂಡು ಆರು ತಿಂಗಳು ಪೆಟ್ಟಿಗೆಯಲ್ಲೇ ಇಟ್ಟಿದ್ದೆ. ತೆಗೆದಾಗ ಉಪ್ಪುಗಾಳಿಗೆ ಅದರ ಕಪ್ಪು ಮಂಕಾಗಿ ಬೂದಿ ಬಳಿದಂತಾಗಿತ್ತು. ಉಮ್ಮ ಏನೂ ಕೇಳದೆ ಅಂಗೈಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ತಿಕ್ಕಿದಳು. ಬೆಳ್ಳಿಯ ಬಳ್ಳಿ ಎದ್ದು ಬಂತು. ನಮ್ಮ ಕುಶಲಕರ್ಮಿಗಳೂ ಕಪ್ಪು ಏರಲೆಂದು ಕಡೆಗೆ ಎಣ್ಣೆಯನ್ನೇ ತಿಕ್ಕುತ್ತಾರೆ. ಯಾರು ಹೇಳಿಕೊಟ್ಟರೋ.

2024ರ ಜನವರಿಯಲ್ಲಿ ಕೊಚ್ಚಿಯಿಂದ ಕಡಲತಳದ ಕೇಬಲ್ಲು ಬಂದ ಮೇಲೆ ಫೋನು ಸಲೀಸಾಗಿದೆ. ಮುಂಚೆ ‘ಹಲೋ’ ಅಂದು ಉತ್ತರ ಬರುವಷ್ಟರಲ್ಲಿ ಚಹಾ ಮುಗಿಯುತ್ತಿತ್ತು. ಈಗ ಉಮ್ಮ ವಿಡಿಯೊದಲ್ಲೇ ಕೂರುತ್ತಾಳೆ. ಅದೇ ತಿಂಗಳು ಕಡಮತ್‌ನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕವೂ ಉದ್ಘಾಟನೆಯಾಯಿತು. ಮೇಲಿನ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದ ತಣ್ಣೀರಿನಿಂದ ತಂಪಾಗಿಸಿ ಹಿಡಿಯುತ್ತಾರೆ, ದಿನಕ್ಕೆ ಒಂದೂವರೆ ಲಕ್ಷ ಲೀಟರು. ನಳದಲ್ಲಿ ಬರುತ್ತದೆ. ಹಾಗಾದರೆ ಬಾವಿ? ‘ಇದೆ, ನಿನ್ನ ಗೆರೆಗಳೂ ಇವೆ’ ಅಂದಳು. ಸೀಮೆಸುಣ್ಣ ಅಷ್ಟು ವರ್ಷ ಉಳಿಯುವುದಿಲ್ಲ. ಮೊಮ್ಮಗಳು ಅವುಗಳ ಮೇಲೆ ಇದ್ದಿಲಿನಿಂದ ಮತ್ತೆ ಎಳೆದಿದ್ದಾಳಂತೆ.

‘ನಿನ್ನ ಸುರಂಗದ ಬಾವಿಯಲ್ಲಿ ನೀರಿದೆಯಾ?’ ಎಂದು ಆಕೆ ಕೇಳಿದ್ದು ಹೋದ ಮಳೆಗಾಲದ ಕೊನೆಯಲ್ಲಿ. ನೋಡಿ ಬಹಳ ದಿನವಾಗಿತ್ತು. ಮರುದಿನ ಬೆಳಗ್ಗೆ ಹೋಗಿ ಕಿಂಡಿಯೊಂದರ ಅಂಚಿಗೆ ನಿಂತು ಮೊಬೈಲಿನ ಬೆಳಕು ಬಿಟ್ಟೆ. ತಳದಲ್ಲಿ ನೀರು ಮಿಣುಗಿತು. ನಿಂತ ನೀರಲ್ಲ, ಸಣ್ಣಗೆ ಸರಿಯುತ್ತಿತ್ತು. ಮೇಲೊಂದು ಗುಟ್ಕಾ ಚೀಟಿ ತೇಲಿ ಹೋಗುತ್ತಿದ್ದುದರಿಂದ ಗೊತ್ತಾಯಿತು. ಹತ್ತಿರದಲ್ಲೇ ಎಲ್ಲೋ ಬೋರ್‌ವೆಲ್ಲಿನ ಗಾಡಿ ಗುಡುಗುಡಿಸುತ್ತಿತ್ತು. ಒಂದು ಫೋಟೊ ತೆಗೆದು ಕಳಿಸಿದೆ.

ಉತ್ತರ ಕೂಡಲೇ ಬಂತು. ಚಂದ ಇದೆ, ಹಳೆಯದಾ, ಎಷ್ಟು ಆಳ ಎಂದೆಲ್ಲ ಕೇಳಲಿಲ್ಲ.

‘ಕುಡಿದು ನೋಡಿದೆಯಾ? ಸಿಹಿ ಇದೆಯಾ?’

ನಾನು ಕುಡಿದಿರಲಿಲ್ಲ.